ಮೆಟ್ರೋ ಆಮೇಲೆ ಬರ್ಲಿ, ಮೊದ್ಲು ಯಕ್ಷಗಾನದ ಕಿರೀಟ ಬರೀರಿ

ಬೆಂಗಳೂರು ಅಂಚಿನ ಮಾದಾವರದಿಂದ ತುಮಕೂರಿಗೆ ಮೆಟ್ರೋ ಅಂತ ಮತ್ತೆ ಪೇಪರ್ನಲ್ಲಿ ಬಂದಿದೆ, ನೋಡಿರ್ತೀರ. 2024ರ ಬಜೆಟ್ಟಲ್ಲಿ ಕಾರ್ಯಸಾಧ್ಯತಾ ವರದಿ ಅಂದ್ರು, ಆಮೇಲೆ ಡಿಪಿಆರ್ ಅಂತ ವಿವರವಾದ ಯೋಜನಾ ವರದಿ ಅಂದ್ರು, ಆಮೇಲೆ ಪಿಪಿಪಿ, ಅಂದ್ರೆ ಸರ್ಕಾರ-ಖಾಸಗಿ ಪಾಲುದಾರಿಕೆ ಅಂದ್ರು. ಕಂಬಕ್ಕೆ ಇನ್ನೂ ಒಂದು ಗುಂಡಿ ತೋಡಿಲ್ಲ (ನಮ್ಮೂರಲ್ಲಿ ಗುಂಡಿ ರೆಡಿ ಸಿಕ್ತವೆ, ಅದು ಬೇರೆ ಮಾತು). ಆದ್ರೆ ನಮ್ಮ ಏರಿಯಾ ವಾಟ್ಸಾಪ್ ಗ್ರೂಪಲ್ಲಿ ಆಗ್ಲೇ ತುಮಕೂರು ಸ್ಟೇಷನ್ನಿನ ಫೋಟೋ ಓಡಾಡ್ತಿದೆ, ಎಐ ಕೈಲಿ ಯಾರೋ ಮಾಡ್ಸಿರೋದು. ಬೋರ್ಡ್ ಮೇಲೆ ತುಮಕೂರು ಅಂತ ಬರೆಯಕ್ಕೆ ಹೋಗಿ 'ತಮುಕೂರ' ಆಗಿದೆ. ಗೋಡೆ ತುಂಬ ಕಲೆ. ಎಡಗಡೆ ಯಕ್ಷಗಾನದ ಕಿರೀಟ, ಬಲಗಡೆ ಹಂಪಿ ಕಲ್ಲಿನ ರಥ, ಮಧ್ಯದಲ್ಲಿ ಕೊಡ ಹೊತ್ಕೊಂಡು ನಗ್ತಾ ಬರ್ತಿರೋ ಹೆಂಗಸು.

ಎಐಗೆ ಬೈಯಂಗಿಲ್ಲ, ಪಾಪ ಅದು ನಮ್ಮ ಸರ್ಕಾರಿ ಕಾಂಪೌಂಡ್ ನೋಡೇ ಕಲ್ತಿರೋದು. ಅಂಡರ್‌ಪಾಸ್ ಆಗ್ಲಿ, ಆಸ್ಪತ್ರೆ ಗೋಡೆ ಆಗ್ಲಿ, ಶೌಚಾಲಯ ಆಗ್ಲಿ, ಇಡೀ ರಾಜ್ಯಕ್ಕೆ ಇದೇ ಮೂರು ಚಿತ್ರ, ಜಾಗ ಮಿಕ್ಕಿದ್ರೆ ಒಂದು ಡೊಳ್ಳು. ತುಮಕೂರು ಕಡೆ ಮೂಡಲಪಾಯ ಅಂತ ನಮ್ದೇ ಯಕ್ಷಗಾನ ಒಂದಿದೆ, ಅದರ ವೇಷ ಬೇರೆ, ಕಿರೀಟ ಬೇರೆ, ಆದ್ರೆ ಗೋಡೆ ಮೇಲೆ ಬರೋದು ಮಾತ್ರ ಉಡುಪಿ ಕಡೇದು. ಇನ್ನು ಆ ಕೊಡದ ಹೆಂಗಸು ಯಾಕೆ ನಗ್ತಿದಾಳೆ ಅಂತ ನಂಗೆ ಇವತ್ತಿಗೂ ಗೊತ್ತಾಗಿಲ್ಲ. ನಮ್ಮ ರೋಡಲ್ಲಿ ಹೇಮಾವತಿ ನೀರು ಬಂದ ದಿನ ಕೊಡ ಹಿಡ್ಕೊಂಡೋರ ಮುಖ ಯಾರಾದ್ರೂ ಚಿತ್ರ ಬರೆದ್ರೆ ಆ ಸ್ಟೇಷನ್ನಿಗೆ ಯಾರೂ ಬರಲ್ಲ.

ಹಂಗಂತ ನಮ್ಗೆ ಕಲೆ ಗೊತ್ತಿಲ್ಲ ಅನ್ಕಬೇಡಿ. ಗೂಳೂರಿನ ಪಕ್ಕದ ಕೈದಾಳ ಜಕಣಾಚಾರಿ ಊರು ಅಂತಾರೆ. ಬೇಲೂರಲ್ಲಿ ಅವನು ಕೆತ್ತಿದ ವಿಗ್ರಹದ ಹೊಟ್ಟೆಲಿ ಕಪ್ಪೆ ಸಿಕ್ತು, ತೋರ್ಸಿದ್ದು ಅವನ ಮಗನೇ, ಅದಕ್ಕೆ ಬಲಗೈ ಕಡ್ಕೊಂಡ, ಆಮೇಲೆ ಊರಿಗೆ ಬಂದು ಚೆನ್ನಕೇಶವನ್ನ ಕೆತ್ತಿ ಕೈ ವಾಪಸ್ ಬಂತು ಅನ್ನೋ ಕತೆ ನಿಮಗೂ ಗೊತ್ತು. ಈಗ ಅದೇ ಜಕಣಾಚಾರಿ ಮೆಟ್ರೋ ಸ್ಟೇಷನ್ನಿಗೆ ಒಂದು ಮೂರ್ತಿ ಮಾಡ್ಕೊಡ್ತೀನಿ ಅಂತ ಬಂದ್ರೆ ಮೊದ್ಲು ಟೆಂಡರ್ ಠೇವಣಿ ಇಎಂಡಿ ಕಟ್ಟು, ಮೂರು ವರ್ಷದ ಟರ್ನ್‌ಓವರ್ ತೋರ್ಸು, ಜಿಎಸ್‌ಟಿ ನಂಬರ್ ಕೊಡು ಅಂತಾರೆ, ಕೊನೆಗೆ ಎಲ್ಲರಿಗಿಂತ ಕಮ್ಮಿ ರೇಟು ಹೇಳಿ ಎಲ್-ಒನ್ ಆದೋನು ಫೈಬರ್ ಆನೆ ತಂದು ನಿಲ್ಲಿಸ್ತಾನೆ. ಅವನು ಕಪ್ಪೆ ಸಿಕ್ತು ಅಂತ ಕೈ ಕಡ್ಕೊಂಡ. ಈಗ ಗೋಡೆ ಒಳಗೆ ಆನೆ ಸಿಕ್ಕಿದ್ರೂ ಬಿಲ್ ಕೂಡ ಕಡಿಯಲ್ಲ.

ಬೆಂಗಳೂರಲ್ಲಿ ಎಲ್ಲಾ ಕೆಟ್ಟದಾಗೇ ಮಾಡಿದಾರೆ ಅಂತ ಅಲ್ಲ. ಪೀಣ್ಯ, ಕಬ್ಬನ್ ಪಾರ್ಕ್ ಸ್ಟೇಷನ್ನುಗಳಲ್ಲಿ ಸೃಷ್ಟಿ ಕಲಾ ಕಾಲೇಜಿನ ಹುಡುಗ್ರು ಮಾಡಿರೋ ಕೆಲಸದಲ್ಲಿ ಕೆಲವು ನಿಂತು ನೋಡಂಗಿವೆ. ಕಷ್ಟ ಇರೋದು ಆ ನಿಂತು ನೋಡೋದ್ರಲ್ಲೇ. ಗೇಟ್ ಒಳಗೆ ಎಷ್ಟೊತ್ತು ಇರ್ಬೋದು ಅನ್ನೋದಕ್ಕೂ ಲೆಕ್ಕ ಉಂಟು, ಮೀರಿದ್ರೆ ದಂಡ. ಮೊನ್ನೆ ಒಂದು ಸ್ಟೇಷನ್ನಲ್ಲಿ, ಯಾವ್ದು ಅಂತ ಕೇಳ್ಬೇಡಿ, ಗೋಡೆ ಮೇಲಿನ ಚಿತ್ರ ಪೂರ್ತಿ ಕಾಣ್ಲಿ ಅಂತ ಎರಡು ಹೆಜ್ಜೆ ಹಿಂದಕ್ಕೆ ಸರಿದೆ, ಕಾಲು ಹಳದಿ ಗೆರೆ ಮೇಲೆ ಬಿತ್ತು, ಪ್ರೀ ಅಂತ ಸೆಕ್ಯೂರಿಟಿ ಹುಡುಗನ ಸೀಟಿ. ಇಡೀ ಪ್ಲಾಟ್‌ಫಾರ್ಮ್ ನನ್ನೇ ನೋಡ್ತು. "ಚಿತ್ರ ನೋಡ್ತಿದ್ದೆ ಕಣಪ್ಪ" ಅಂದೆ. ಆ ಹುಡುಗ ಗೋಡೆ ಕಡೆ ತಿರುಗಿ ನೋಡಿ, "ಓ, ಇದಾ ಸಾರ್? ಇಲ್ಲಿ ಡ್ಯೂಟಿ ಹಾಕಿ ಎಂಟು ತಿಂಗಳಾಯ್ತು, ಜಾಹೀರಾತು ಅನ್ಕೊಂಡಿದ್ದೆ" ಅಂದ.

ಅವನ ತಪ್ಪೇನು? ಹೊಸ ಹಳದಿ ಲೈನಲ್ಲಿ ಸ್ಟೇಷನ್ ಹೆಸರೇ ಇನ್ಫೋಸಿಸ್ ಫೌಂಡೇಶನ್ ಕೋನಪ್ಪನ ಅಗ್ರಹಾರ, ಬಯೋಕಾನ್ ಹೆಬ್ಬಗೋಡಿ ಅಂತೆಲ್ಲ ಇರುವಾಗ ಕಲೆ ಯಾವ್ದು ಜಾಹೀರಾತು ಯಾವ್ದು ಅಂತ ಯಾರಿಗೆ ಗೊತ್ತಾಗ್ತದೆ. ನಮ್ಮ ಕ್ಯಾತ್ಸಂದ್ರ ಸ್ಟೇಷನ್ನಿಗೆ ತಟ್ಟೆ ಇಡ್ಲಿ ಹೋಟ್ಲೋರು ಈಗ್ಲೇ ದುಡ್ಡು ಕೂಡಿಡೋದು ಒಳ್ಳೇದು.

ಅದೇ ವಾಟ್ಸಾಪ್ ಗ್ರೂಪಲ್ಲಿ ಸ್ಟಾಕ್‌ಹೋಮ್ ಮೆಟ್ರೋ ವೀಡಿಯೋನೂ ಬಂದಿತ್ತು, 'ನಮ್ಮಲ್ಲಿ ಯಾವಾಗ?' ಅಂತ ಬರ್ದು ಕೈ ಮುಗಿಯೋ ಇಮೋಜಿ. ಅಲ್ಲಿ ಟಿ-ಸೆಂಟ್ರಾಲೆನ್ ಅನ್ನೋ ಸ್ಟೇಷನ್ನು, ಬಂಡೆ ಒರಟಾಗಿ ಹಂಗೇ ಬಿಟ್ಟು ಅದರ ಮೇಲೆ ನೀಲಿ ಬಳ್ಳಿ ಬರ್ದವ್ರೆ, 1975ರಲ್ಲಿ. ಒಂದು ಕಡೆ ಗೋಡೆ ಮೇಲೆ ಆ ಸ್ಟೇಷನ್ ಕೆಲಸ ಮಾಡಿದ ಬಡಗಿ, ವೆಲ್ಡರ್‌ಗಳ ನೆರಳಿನ ಚಿತ್ರ. ಕಟ್ಟಿದೋರನ್ನ ಗೋಡೆ ಮೇಲೆ ಇಟ್ಟವ್ರೆ. ನಮ್ಮಲ್ಲಿ ಕಟ್ಟೋರು ಎಲ್ಲಿಂದ ಬರ್ತಾರೆ, ಯಾವ ಶೀಟ್ ಶೆಡ್ಡಲ್ಲಿ ಮಲಗ್ತಾರೆ, ಕೆಲಸ ಮುಗಿದ್ಮೇಲೆ ಎಲ್ಲಿಗೆ ಹೋಗ್ತಾರೆ, ಯಾರಿಗೂ ಬೇಡ. ಬೆಳಗ್ಗೆ ತುಮಕೂರಲ್ಲಿ ರೈಲು ಹತ್ತಿ ಯಶವಂತಪುರದವರೆಗೂ ಒಂದು ಕಾಲ ಮೇಲೆ ನಿಂತ್ಕೊಂಡು ಹೋಗೋ ಜನಾನೂ ಬೇಡ. 2025ರ ಫೆಬ್ರವರಿಲಿ ಮೆಟ್ರೋದ ಗರಿಷ್ಠ ಟಿಕೆಟ್ 60 ರೂಪಾಯಿ ಇದ್ದಿದ್ದು 90 ಮಾಡಿದ್ರಲ್ಲ, ಆಗ ಯಾರಾದ್ರೂ ಕೇಳಿದ್ರಾ? ಕೂರಕ್ಕೆ ಬೆಂಚ್ ಇಲ್ಲ, ಬೋಗಿ ಕಮ್ಮಿ, ಹೆಂಗಸರು ಬ್ಯಾಗ್ ಎದೆಗೆ ಒತ್ಕೊಂಡು ನಿಂತಿರ್ತಾರೆ, ಎದುರಿಗೆ ಗೋಡೆ ಮೇಲೆ ಕಮಲದ ಹೂವು. ಸಾಕಾಗಿದೆ ಕಣ್ರೀ.

ಹೋಗ್ಲಿ ಬಿಡಿ. ಈ ಊರಲ್ಲಿ ಕಲ್ಲಿನ ಕೆತ್ತನೆ ಇನ್ನೂ ಸತ್ತಿಲ್ಲ, ಬದುಕಿರೋದು ಶಂಕುಸ್ಥಾಪನೆ ಕಲ್ಲಲ್ಲಿ. ಕರಿ ಗ್ರಾನೈಟು, ಚಿನ್ನದ ಬಣ್ಣದ ಅಕ್ಷರ, ಉದ್ಘಾಟಕರು, ಅಧ್ಯಕ್ಷತೆ, ಘನ ಉಪಸ್ಥಿತಿ, ವಿಶೇಷ ಆಹ್ವಾನಿತರು, ಕೆಳಗೆ ಕಾಣದಷ್ಟು ಸಣ್ಣಕ್ಕೆ ಗುತ್ತಿಗೆದಾರರು. 2016ರಲ್ಲಿ ತುಮಕೂರು ಸ್ಮಾರ್ಟ್ ಸಿಟಿ ಲಿಸ್ಟಿಗೆ ಸೇರಿದ್ಮೇಲೆ ಇಂಥ ಕಲ್ಲು ಎಷ್ಟು ನೆಟ್ಟಿದಾರೋ ಲೆಕ್ಕ ಇಟ್ಟೋರಿಲ್ಲ. ನಮ್ಮ ಬೀದಿ ಕೊನೇಲೂ ಒಂದಿದೆ, ಪಾರ್ಕ್ ಮಾಡ್ತೀವಿ ಅಂತ ನೆಟ್ಟಿದ್ದು. ಪಾರ್ಕ್ ಬರ್ಲಿಲ್ಲ, ಕಲ್ಲು ಹೊಂಗೆ ಮರಕ್ಕೆ ಒರಗಿ ನಿಂತಿದೆ, ಹುಡುಗ್ರು ಅದನ್ನೇ ಸ್ಟಂಪ್ ಮಾಡ್ಕೊಂಡವ್ರೆ. ಬಾಲ್ 'ಘನ ಉಪಸ್ಥಿತಿ'ವರೆಗೂ ಬಡಿದ್ರೆ ಔಟು, ಅದಕ್ಕಿಂತ ಮೇಲೆ 'ಉದ್ಘಾಟಕರು'ಗೆ ಬಿದ್ರೆ ನಾಟೌಟು. ಹೋದ ಭಾನುವಾರ ಇದೇ ವಿಷ್ಯಕ್ಕೆ ದೊಡ್ಡ ಜಗಳ ಆಗಿ ನನ್ನನ್ನ ಅಂಪೈರಿಗೆ ಕರೆದ್ರು, ಹೋಗಿ ನೋಡಿದ್ರೆ ಬಾಲ್ ಗುರುತು ಸರಿಯಾಗಿ ಒಬ್ಬ ಮಾಜಿ ಸದಸ್ಯರ ಹೆಸರಿನ ಮೇಲಿತ್ತು. ಔಟ್ ಕೊಟ್ಟು ಬಂದೆ.