ಹದಿನೇಳು ಎಪ್ಪತ್ತಕ್ಕೊಂದು ಫ್ರೀ ಬಸ್ಸು

ನಿನ್ನೆ ಮತ್ತೆ 17 ರೂಪಾಯಿ 70 ಪೈಸೆ ಹೋಯಿತು. ಮೂರು ತಿಂಗಳಿಗೊಮ್ಮೆ ಹೋಗುತ್ತದೆ, ಹೇಳದೆ ಕೇಳದೆ. 17 ರೂಪಾಯಿ ಹೋಗಲಿ ಮಾರಾಯ್ರೆ, ನನಗೆ ಉರಿಯುವುದು ಆ 70 ಪೈಸೆ. ಎರಡು ರೂಪಾಯಿ ಚಿಲ್ಲರೆ ಇಲ್ಲ ಅಂತ ಅಂಗಡಿಯವರು ಕೈಗೆ ಚಾಕಲೇಟು ಕೊಡುವ ಕಾಲ ಇದು. ಇಂಥದ್ದರಲ್ಲಿ ಪೈಸೆಯ ಲೆಕ್ಕ ಇಷ್ಟು ಶ್ರದ್ಧೆಯಿಂದ ಇಟ್ಟಿರುವುದು ನಮ್ಮ ಬ್ಯಾಂಕೊಂದೇ. ಮೆಸೇಜ್ ಕಳಿಸಿದ್ದಕ್ಕೆ 15, ಅದರ ಮೇಲೆ 18 ಪರ್ಸೆಂಟ್ ಜಿಎಸ್‌ಟಿ 2.70. ಇಷ್ಟು ಕತ್ತರಿಸಿದ್ದೇವೆ ಅಂತ ತಿಳಿಸೋಕೆ ಇನ್ನೊಂದು ಮೆಸೇಜ್. ಅದರ ಖರ್ಚೂ ನಮ್ಮದೇ.

ಈ ದರ ಗೊತ್ತು ಮಾಡಿದವರು ಭಾರೀ ಹುಷಾರಿ ಜನ ಇರಬೇಕು. ನಮ್ಮೂರಿಂದ ಶಿರಸಿಗೆ ಬಸ್ಸಿನಲ್ಲಿ ಹೋಗಿ ಬಂದರೆ ಇದಕ್ಕಿಂತ ಜಾಸ್ತಿ ಬೀಳುತ್ತದೆ. ಮೇಲೆ ಒಂದು ಚಾ, ಅರ್ಧ ದಿನದ ಕೆಲಸ ಹಾಳು. ಹಾಗಾಗಿ ಯಾರೂ ಕೇಳೋಕೆ ಹೋಗುವುದಿಲ್ಲ. ಬೈದುಕೊಂಡು ಸುಮ್ನೆ ಇರುತ್ತೇವೆ. ಎಟಿಎಮ್ಮಿನದ್ದೂ ಅದೇ ಕತೆ. ತಿಂಗಳಿಗೆ 5 ಸಲ ಫ್ರೀ, ಆಮೇಲೆ ಒಂದೊಂದು ಸಲಕ್ಕೂ 23 ರೂಪಾಯಿವರೆಗೆ ಹಿಡಿಯಬಹುದು ಅಂತ 2025ರ ಮೇ 1ರಿಂದ ಹೊಸ ಮಿತಿ ಬಂದಿದೆ. ತೆರಿಗೆ ಸೇರಿದರೆ 27 ರೂಪಾಯಿ 14 ಪೈಸೆ. ಅಲ್ಲೂ ಪೈಸೆ ನೋಡಿ! ‘ಗ್ರಾಹಕರು ಶುಲ್ಕಗಳ ಬಗ್ಗೆ ತಿಳಿದುಕೊಂಡಿರಬೇಕು’ ಅಂತ ಶಾಖೆಯವರು ಬುದ್ಧಿ ಹೇಳುತ್ತಾರೆ. ತಿಳಿದುಕೊಳ್ಳೋಣ. ಆದರೆ ಶುಲ್ಕದ ಪಟ್ಟಿ ಅಂಟಿಸಿರುವುದು ನೀರಿನ ಫಿಲ್ಟರಿನ ಹಿಂದೆ, ಇರುವೆ ಸಾಲಿನಂಥ ಅಕ್ಷರದಲ್ಲಿ. ನೀರು ಕುಡಿಯುವ ನೆಪದಲ್ಲಿ ಬಗ್ಗಿ ಎರಡು ಸಾಲು ಓದುವಷ್ಟರಲ್ಲಿ ಹಿಂದಿನವರು ಲೋಟ ಕೇಳುತ್ತಾರೆ.

ಇಷ್ಟೆಲ್ಲ ಲೆಕ್ಕ ಹಾಕಿದವರು ಒಂದನ್ನು ಮಾತ್ರ ಮರೆತರು. 2023ರ ಜೂನ್ 11ಕ್ಕೆ ಶಕ್ತಿ ಯೋಜನೆ ಬಂತು. ನಮ್ಮ ಆಯಿಗೆ ಬಸ್ಸು ಫ್ರೀ ಆಯಿತು.

ಅಲ್ಲಿಗೆ ಮುಗಿಯಿತು. ಅಲ್ಲಿಯವರೆಗೆ ಆಯಿ ಬ್ಯಾಂಕಿಗೆ ಹೋಗುತ್ತಿದ್ದದ್ದು ಅಡಿಕೆ ದುಡ್ಡು ಬಂದಾಗ ಮಾತ್ರ. ಈಗ ಆಧಾರ್ ಕಾರ್ಡು, ಕನ್ನಡಕ, ಪಾಸ್‌ಬುಕ್ಕು ಮೂರನ್ನೂ ಒಂದೇ ಪ್ಲಾಸ್ಟಿಕ್ ಕೊಟ್ಟೆಯಲ್ಲಿ ಸುತ್ತಿ, ಅದಕ್ಕೊಂದು ರಬ್ಬರ್ ಬ್ಯಾಂಡ್ ಹಾಕಿ, ಬೆಳಗಿನ ಬಸ್ಸಿಗೆ ಹೊರಟೇಬಿಡುತ್ತಾಳೆ. ಎಂಟ್ರಿ ಹಾಕಿಸಬೇಕು. ದುಡ್ಡು ಹಾಕುವುದೂ ಇಲ್ಲ, ತೆಗೆಯುವುದೂ ಇಲ್ಲ. ಎಂಟ್ರಿ ಅಷ್ಟೇ. ಎಂಟ್ರಿ ಮಷಿನ್ ಹಾಳಾಗಿದ್ದರೆ ಕೌಂಟರಿಗೆ. ಸರ್ವರ್ ಡೌನ್ ಅಂದರೆ ಸರ್ವರ್ ಬರುವವರೆಗೆ ಬೆಂಚಿನ ಮೇಲೆ. ವಾಪಸ್ ಬಸ್ಸೂ ಫ್ರೀ ಇರುವಾಗ ಅವಸರ ಯಾಕೆ?

ಮನೆಗೆ ಬಂದ ಮೇಲೆ ನನ್ನ ಪರೀಕ್ಷೆ ಶುರು. ಜಗಲಿಯಲ್ಲಿ ಕೂತು, ಒಂದೊಂದೇ ಸಾಲಿನ ಮೇಲೆ ಬೆರಳಿಟ್ಟು ಗಟ್ಟಿಯಾಗಿ ಓದುತ್ತಾಳೆ. ಬೆರಳಿಗೆ ಅಡಿಕೆ ಚೊಗರಿನ ಕಪ್ಪು. ಕರೆಕ್ಟಾಗಿ ಅಲ್ಲಿಗೇ ಬಂದು ನಿಲ್ಲುತ್ತದೆ.

“ತಮಾ, ಈ ಹದ್ನೇಳು ರೂಪಾಯಿ ಎಪ್ಪತ್ತು ಪೈಸೆ ಯಾರಿಗೆ ಹೋತು?”

“ಮೆಸೇಜಿಂದು, ಆಯಿ.”

“ಎಂತಾ ಮೆಸೇಜು? ನಂಗೆ ಬಂಜಿಲ್ಲೆ.”

ಬಂದಿರುತ್ತದೆ. ಆದರೆ ನಮ್ಮ ಮನೆಯಲ್ಲಿ ನೆಟ್‌ವರ್ಕ್ ಸಿಗುವುದು ಕೊಟ್ಟಿಗೆ ಹಿಂದಿನ ದರೆ ಹತ್ತಿದರೆ ಮಾತ್ರ. ಮಳೆಗಾಲದಲ್ಲಿ ಕರೆಂಟು ಹೋದರೆ ಅಲ್ಲೂ ಇಲ್ಲ. ಮೆಸೇಜ್ ಚಾರ್ಜು ನಿಜವಾಗಿ ಬಳಸಿದಷ್ಟಕ್ಕೇ ಹಾಕಬೇಕು ಅಂತ ರಿಸರ್ವ್ ಬ್ಯಾಂಕು 2013ರಲ್ಲೇ ಬ್ಯಾಂಕುಗಳಿಗೆ ಹೇಳಿತ್ತು ಅಂತ ನಾನು ಬಾಯಿಬಿಟ್ಟೆ. ಮುಂದಿನ ಸಂತೆ ದಿನ ಆಯಿ ಮತ್ತೆ ಬಸ್ಸು ಹತ್ತಿದಳು. ಜೊತೆಗೆ ನನ್ನನ್ನೂ ಎಳೆದುಕೊಂಡು ಹೋದಳು. ನನ್ನ ಟಿಕೆಟಿಗೆ ದುಡ್ಡು ಕೊಟ್ಟೆ, ಗಂಡಸು ನೋಡಿ.

ಕೌಂಟರಿನಲ್ಲಿದ್ದ ಹುಡುಗ ಪಾಪ, ಉತ್ತರದ ಕಡೆಯವನು. ಕನ್ನಡ ಇನ್ನೂ ಕಲಿಯುತ್ತಿದ್ದಾನೆ. “ಅಮ್ಮಾ, ನಾವು ಕಟ್ ಮಾಡೋದು ಇಲ್ಲ. ಸಿಸ್ಟಮ್ ಕಟ್ ಮಾಡುತ್ತೆ,” ಅಂದ.

“ಸಿಸ್ಟಮ್ ಎಷ್ಟು ಹೊತ್ತಿಗೆ ಬರ್ತಾರೆ?” ಅಂತ ಕೇಳಿದಳು ಆಯಿ. “ಬರಲಿ, ನಾನು ಇಲ್ಲೇ ಕೂತಿರ್ತೇನೆ.”

ಆಯಿಗೆ ಗೊತ್ತಿಲ್ಲ ಅಂದುಕೊಳ್ಳಬೇಡಿ. ಚೆನ್ನಾಗಿ ಗೊತ್ತಿದ್ದೇ ಕೇಳಿದ್ದು. ಹುಡುಗ ನನ್ನ ಮುಖ ನೋಡಿದ. ನಾನು ನೀರಿನ ಫಿಲ್ಟರ್ ನೋಡಿದೆ. ಆಯಿ ಬೆಂಚಿನ ಮೇಲೆ ಕೂತು, ಕೊಟ್ಟೆ ಬಿಚ್ಚಿ, ಸಂತೆಯಲ್ಲಿ ತಗೊಂಡ ಬಸಳೆ ಸೊಪ್ಪಿನ ಕಟ್ಟನ್ನು ಪಕ್ಕಕ್ಕಿಟ್ಟು, ಬಂದವರಿಗೆಲ್ಲ ವಿಷಯ ಹೇಳತೊಡಗಿದಳು. ನಿಮಗೂ ಹಿಡಿದಿದ್ದಾರಾ ನೋಡಿಕೊಳ್ಳಿ ಅಂತ. ಜನ ನೋಡಿಕೊಂಡರು. ಎಲ್ಲರಿಗೂ ಹಿಡಿದಿತ್ತು. ಅರ್ಜಿ ಬರೆಯುವ ಪೆನ್ನಿಗೆ ದಾರ ಕಟ್ಟಿದ ಮೇಜಿನ ಹತ್ತಿರ ಸಣ್ಣ ಗುಂಪಾಯಿತು. ಮ್ಯಾನೇಜರ್ ಕ್ಯಾಬಿನಿನಿಂದ ಎದ್ದು ಬಂದರು. ಒಂದು ಅರ್ಜಿ ಬರೆಸಿಕೊಂಡು, ಆ ಸಲದ್ದು ವಾಪಸ್ ಜಮಾ ಮಾಡಿಸುತ್ತೇನೆ ಅಂದರು. ಜಮಾ ಆಯಿತೋ ಇಲ್ಲವೋ ನೋಡೋಕೆ ಆಯಿ ಇನ್ನೊಮ್ಮೆ ಎಂಟ್ರಿ ಹಾಕಿಸಿ ಬಂದಳು. ಆಗಿತ್ತು, ಪೈಸೆ ಸಮೇತ.

ಎಲ್ಲದಕ್ಕೂ ಜಗಳ ತೆಗೆಯುವವಳಲ್ಲ. ಮೇ ಕೊನೆಗೆ ಒಂದು 20 ರೂಪಾಯಿ ಹೋಗುತ್ತದೆ, ಪ್ರಧಾನಮಂತ್ರಿ ಸುರಕ್ಷಾ ಬಿಮಾದ್ದು. ವರ್ಷಕ್ಕೆ 20 ಕಟ್ಟಿದರೆ 2 ಲಕ್ಷದ ಅಪಘಾತ ವಿಮೆ ಅಂತ ಬಿಡಿಸಿ ಹೇಳಿದೆ. “ಇದು ಇರ್ಲಿ,” ಅಂದಳು. ಹೇಳಿ ತಗೊಂಡರೆ ಅವಳಿಗೆ ತಕರಾರಿಲ್ಲ.

ನಾವು ಸಣ್ಣವರಿದ್ದಾಗ ದಿನದ ಉಳಿತಾಯದ ದುಡ್ಡು ತಗೊಂಡು ಹೋಗುವ ಪಿಗ್ಮಿಯವರು ಮನೆಗೇ ಬರುತ್ತಿದ್ದರು. ಪಿಗ್ಮಿ ಅನ್ನುವುದು ಹುಟ್ಟಿದ್ದೇ ನಮ್ಮ ಕರಾವಳಿಯಲ್ಲಿ. ಮುಂದೆ ಸಿಂಡಿಕೇಟ್ ಬ್ಯಾಂಕ್ ಆದ ಉಡುಪಿಯ ಸಂಸ್ಥೆ 1928ರಲ್ಲಿ ಶುರು ಮಾಡಿದ್ದು, ದಿನಕ್ಕೆ ಎರಡಾಣೆಯಿಂದ. ನಮ್ಮ ಮನೆಗೆ ಬರುತ್ತಿದ್ದವರು ಸೈಕಲ್ಲನ್ನು ದಣಪೆಗೆ ಒರಗಿಸಿ, ಜಗಲಿ ಮೇಲೆ ಕೂತು, ಆಯಿ ಕೊಟ್ಟ ಕಷಾಯ ಕುಡಿದು, ಕಾರ್ಡಿನ ಮೇಲೆ ಬರೆದು ಸಹಿ ಹಾಕಿ ಹೋಗುತ್ತಿದ್ದರು. ಲೆಕ್ಕದಲ್ಲಿ ಏನಾದರೂ ಹೆಚ್ಚುಕಮ್ಮಿ ಆದರೆ ಅಪ್ಪಯ್ಯ ಅವರನ್ನೇ ಕೇಳುತ್ತಿದ್ದರು. ಅವರಿಗೊಂದು ಮುಖ ಇತ್ತು. ಈಗ ಅಪ್ಪಯ್ಯನೂ ಇಲ್ಲ, ಸೈಕಲ್ಲೂ ಇಲ್ಲ. ಆ ಬ್ಯಾಂಕೂ 2020ರಲ್ಲಿ ಇನ್ನೊಂದರಲ್ಲಿ ಸೇರಿಹೋಯಿತು.

ಈಗ ಆಯಿಯ ಕೊಟ್ಟೆ ದಪ್ಪಗಾಗಿದೆ. ಕೇರಿಯ ಹೆಂಗಸರೆಲ್ಲ ತಮ್ಮ ಪಾಸ್‌ಬುಕ್ಕನ್ನೂ ಅದಕ್ಕೇ ಸೇರಿಸಿ ಕಳಿಸುತ್ತಾರೆ. ಮೊನ್ನೆ ಶಾಖೆಯಿಂದ ನನಗೆ ಫೋನು ಬಂತು. ಬಹಳ ಮರ್ಯಾದೆಯಿಂದ ಮಾತಾಡಿದರು. “ಸರ್, ಅಮ್ಮನಿಗೆ ಮೊಬೈಲ್ ಬ್ಯಾಂಕಿಂಗ್ ಹಾಕಿ ಕೊಡಿ. ಮನೆಯಲ್ಲೇ ಕೂತು ಎಲ್ಲ ನೋಡಬಹುದು. ಪಾಪ, ಈ ವಯಸ್ಸಲ್ಲಿ ಯಾಕೆ ಓಡಾಟ?”

ಆಯಿಗೆ ಹೇಳಿದೆ. ಪೂರ್ತಿ ಕೇಳಿಸಿಕೊಂಡಳು.

“ಅದ್ಕೆ ಎಷ್ಟು ಹಿಡಿತ್ವಡಾ?”