ಇಲ್ಲದಿರೋ ದೇಶ ಅಂತೆ!

ಬೆಳಿಗ್ಗೆಯಿಂದ ಮನಸ್ಸು ಸರಿಯಿಲ್ಲ. ಒಂದು ಕಚೇರಿಯ ಕೌಂಟರ್ ಮುಂದೆ ನಿಂತಿದ್ದೆ. ನನ್ನ ಮುಂದೆ ಬೈಲುಕುಪ್ಪೆಯ ಟಿಬೆಟನ್ ಹೆಂಗಸು. ಐವತ್ತೈದು ಇರಬಹುದು. ಸೊಂಟಕ್ಕೆ ಪಟ್ಟೆಪಟ್ಟೆ ಏಪ್ರನ್, ಕೈಯಲ್ಲಿ ಪ್ಲಾಸ್ಟಿಕ್ ಕವರಿನೊಳಗೆ ಜೋಪಾನವಾಗಿಟ್ಟ ಆರ್‌ಸಿ. ನಮಗೆ ಆರ್‌ಸಿ ಅಂದರೆ ಗಾಡಿಯದು. ಅವರಿಗೆ ಅದು ವಿದೇಶಿಯರ ನೋಂದಣಿ ಪತ್ರ. ಇಲ್ಲೇ ಹುಟ್ಟಿದ್ದರೂ ಆಗಾಗ ಹೋಗಿ ನವೀಕರಿಸಬೇಕು.

"ಯಾವ ದೇಶ ಅಮ್ಮಾ?"

"ಟಿಬೆಟ್."

"ಲಿಸ್ಟಲ್ಲಿ ಅದಿಲ್ಲ. ಚೀನಾ ಅಂತ ಹಾಕ್ಲಾ?"

"ಬೇಡಪ್ಪ. ಅದೊಂದು ಬೇಡ."

"ಇಲ್ದೇ ಇರೋ ದೇಶನ ನಾನೆಲ್ಲಿಂದ ತರ್ಲಿ?"

ಹಿಂದೆ ಯಾರೋ ನಕ್ಕರು. ನನಗೆ ಮೈಯೆಲ್ಲ ಉರಿಯಿತು.

ಇಲ್ಲದಿರೋ ದೇಶ! ಟಿಬೆಟ್ ಈಗ ಚೀನಾದ ಕೈಯಲ್ಲಿದೆ. ಅವರಿಗೆ ಸ್ವಂತ ಗಡಿ ಇಲ್ಲ, ಸೈನ್ಯ ಇಲ್ಲ, ಜಗತ್ತು ಒಪ್ಪಿದ ಸರ್ಕಾರ ಇಲ್ಲ, ನಿಜ. ಅದೆಲ್ಲ ಸೇರಿದರೆ ಪ್ರಭುತ್ವ. ಆದರೆ ಒಂದಷ್ಟು ಜನ "ನಾವೆಲ್ಲ ಒಂದು" ಅಂದುಕೊಳ್ಳೋಕೆ ಅದ್ಯಾವುದೂ ಬೇಕಿಲ್ಲ. ಒಂದು ಭಾಷೆ, ಒಂದೇ ನೆನಪು, ಲೋಸರ್ ಅನ್ನೋ ಹೊಸವರ್ಷದ ಹಬ್ಬಕ್ಕೆ ಮನೆಮನೆಯಲ್ಲೂ ಕರಿಯೋ ಖಾಪ್ಸೆ ತಿಂಡಿ, ಇಷ್ಟು ಸಾಕು. ರಾಷ್ಟ್ರ ಅಂದರೆ ಅದು. ನಾವು ದೇಶ, ರಾಷ್ಟ್ರ, ಸರ್ಕಾರ ಎಲ್ಲವನ್ನೂ ಕಲಸಿಬಿಟ್ಟಿದ್ದೀವಿ. ಅದಕ್ಕೇ ಲಿಸ್ಟಲ್ಲಿ ಇಲ್ಲದ್ದು ಲೋಕದಲ್ಲೇ ಇಲ್ಲ ಅನ್ನಿಸುತ್ತೆ.

ಪೋಲೆಂಡ್ ನೋಡಿ. 1795ರಲ್ಲಿ ರಷ್ಯಾ, ಪ್ರಷ್ಯಾ, ಆಸ್ಟ್ರಿಯಾ ಅದನ್ನು ಪೂರ್ತಿ ಹಂಚಿಕೊಂಡವು. 1918ರವರೆಗೆ, 123 ವರ್ಷ, ಸ್ವತಂತ್ರ ಪೋಲೆಂಡ್ ಅನ್ನೋದೇ ಇರಲಿಲ್ಲ. ಪೋಲಿಷರು ಎಲ್ಲಿಗೂ ಹೋಗಲಿಲ್ಲ. ಅತ್ತ ಸೋವಿಯತ್ ಒಕ್ಕೂಟಕ್ಕೆ ಅಷ್ಟು ದೊಡ್ಡ ಸೈನ್ಯ, ಅಣುಬಾಂಬು ಎಲ್ಲ ಇತ್ತು. 1991ರಲ್ಲಿ ಅದೇ ಮುಗಿದುಹೋಯ್ತು. ದೂರ ಯಾಕೆ? 1956ಕ್ಕೆ ಮುಂಚೆ ನಾವು ಮೈಸೂರು, ಮುಂಬೈ, ಹೈದರಾಬಾದ್, ಮದ್ರಾಸು, ಕೊಡಗು ಅಂತ ಹಂಚಿಹೋಗಿದ್ವಿ. ಧಾರವಾಡದವರು ಆಗ ಕನ್ನಡಿಗರಾಗಿರಲಿಲ್ವಾ?

"ಇಲ್ಲಿನ ಪಾಸ್‌ಪೋರ್ಟ್ ತಗೊಂಡ್ರೆ ಮುಗೀತಲ್ಲ" ಅಂದ ಗೆಳೆಯನೊಬ್ಬ. ಹೌದು, 1950ರ ಜನವರಿ 26ರಿಂದ 1987ರ ಜುಲೈ 1ರೊಳಗೆ ಇಲ್ಲಿ ಹುಟ್ಟಿದ ಟಿಬೆಟನ್ನರು ಹುಟ್ಟಿನಿಂದಲೇ ಭಾರತೀಯರು. 2013ರಲ್ಲಿ ನಮ್ಮ ಹೈಕೋರ್ಟೇ ಇದನ್ನು ಒಪ್ಪಿದೆ. ತಗೊಂಡವರಿದ್ದಾರೆ, ತಪ್ಪೇನಿಲ್ಲ. ಆದರೆ ತಗೊಂಡ ಮಾತ್ರಕ್ಕೆ ಟಿಬೆಟ್ ಅವರೊಳಗಿಂದ ಹೋಗುತ್ತಾ? ತಗೊಳ್ಳದವರ ಮೇಲೆ ಚೀನಾ ಅಂತ ಬರೆಯೋ ಹಕ್ಕು ನಮಗೆ ಸಿಗುತ್ತಾ?

ಒಂದು ಮಾತು ಹೇಳಲೇಬೇಕು. ಚಿಕ್ಕವಳಿದ್ದಾಗ ಪಿರಿಯಾಪಟ್ಟಣದ ಸಂತೆಯಲ್ಲಿ ಟಿಬೆಟನ್ ಮಕ್ಕಳನ್ನು "ಚೀನಾದವ್ರು, ಚೀನಾದವ್ರು" ಅಂತ ಕೂಗಿದವರಲ್ಲಿ ನಾನೂ ಇದ್ದೆ. ಒಬ್ಬ ಹುಡುಗ ಕಲ್ಲು ಹಿಡಿದು ಅಟ್ಟಿಸಿಕೊಂಡು ಬಂದಿದ್ದ. ಅವನ ಕಣ್ಣಲ್ಲಿ ನೀರಿತ್ತು. 1959ರಲ್ಲಿ ದಲೈ ಲಾಮಾ ಲಾಸಾ ಬಿಟ್ಟು ಬಂದ ಮೇಲೆ ಆ ಜನ ಹಿಮಾಲಯ ದಾಟಿದ್ದು, ಆಗಿನ ಮೈಸೂರು ಸರ್ಕಾರ ಕೊಟ್ಟ ಸುಮಾರು 3,000 ಎಕರೆಯಲ್ಲಿ ಕಾಡು ಕಡಿದು ಜೋಳ ಬೆಳೆದದ್ದು ನಮಗೆ ಯಾರೂ ಹೇಳಿರಲಿಲ್ಲ. ಇವತ್ತು "ಅದೊಂದು ಬೇಡ" ಅಂದಾಗ ಆ ಹುಡುಗನೇ ನೆನಪಾದ. ರಾಷ್ಟ್ರೀಯತೆ ಅಂದರೆ ಗಂಟಲು ಹರಿಯೋ ಹಾಗೆ ಕೂಗೋದು ಅಂತ ಎಷ್ಟೋ ಜನ ಅಂದುಕೊಂಡಿದ್ದಾರೆ. ಆ ಹೆಂಗಸಿನ ದನಿ ಒಂಚೂರೂ ಏರಲಿಲ್ಲ.

"ನಾಳೆ ಮಗನ್ನ ಕರ್ಕೊಂಡು ಬರ್ತೀನಿ" ಅಂತ ಫಾರಂ ಮಡಚಿಕೊಂಡು ಅವರು ಬಸ್ಸಿಗೆ ಹೋದರು. ನನ್ನ ಸರದಿ ಬಂತು. ಕೌಂಟರಿನ ಹುಡುಗ ನನ್ನನ್ನು ಕೇಳಲೇ ಇಲ್ಲ. ಇಂಡಿಯನ್ ಅಂತ ಒತ್ತಿ ಮುಂದಕ್ಕೆ ಹೋದ.