ವಾರಕ್ಕೆ ನೂರು ಸಾಕಾ ಮೇಡಂ?

ನಾಸಾದವರ ಲೆಕ್ಕ ಅಂದ್ರೆ ಸುಮ್ನೆ ಅಲ್ಲ. 1969ರಲ್ಲೇ ಚಂದ್ರನ ಮೇಲೆ ಮನುಷ್ಯನನ್ನು ಇಳಿಸಿ, ಹುಷಾರಾಗಿ ವಾಪಸ್ ಕರೆತಂದವರು. ಅಂಥವರು 1983ರಲ್ಲಿ ಒಂದು ಸಣ್ಣ ಲೆಕ್ಕಕ್ಕೆ ತಲೆ ಕೆರೆದುಕೊಂಡು ಕೂತರು. ಸ್ಯಾಲಿ ರೈಡ್ ಚಾಲೆಂಜರ್ ನೌಕೆ ಹತ್ತಬೇಕಿತ್ತು. ಬಾಹ್ಯಾಕಾಶಕ್ಕೆ ಹೊರಟ ಅಮೆರಿಕದ ಮೊದಲ ಹೆಂಗಸು. ಪ್ರಯಾಣ ಆರೇ ದಿನ. ಟ್ಯಾಂಪಾನ್, ಅಂದರೆ ಮುಟ್ಟಿನಲ್ಲಿ ಒಳಗೆ ಇಟ್ಟುಕೊಳ್ಳುವ, ತುದಿಗೆ ದಾರ ಇರುವ ಹತ್ತಿಯ ಸುರುಳಿ, ಎಷ್ಟು ಇಡೋಣ?

ಎಂಜಿನಿಯರ್‌ಗಳು ಬಂದು ಕೇಳಿದರು: ನೂರು ಸಾಕಾ?

ಪ್ರಯಾಣದ ಆರೂ ದಿನ ಮುಟ್ಟು ಅಂತಲೇ ಇಟ್ಟುಕೊಳ್ಳಿ. ನೂರನ್ನು ಆರರಿಂದ ಭಾಗಿಸಿದರೆ ದಿನಕ್ಕೆ ಹದಿನಾರು ಚಿಲ್ಲರೆ. ಚಾಲೆಂಜರ್ ಆ ಸಲ ಭೂಮಿಗೆ 97 ಸುತ್ತು ಹಾಕಿತು. ಅಂದರೆ ಸುತ್ತಿಗೊಂದು, ಮೇಲೆ ಮೂರು ಕೊಸರು! ನಿದ್ದೆಯಲ್ಲೂ ಅಲಾರಂ ಇಟ್ಟುಕೊಂಡು ಏಳಬೇಕು. ಅವು ತೇಲಿ ಹೋಗದಿರಲಿ ಅಂತ ದಾರಕ್ಕೆ ದಾರ ಸೇರಿಸಿ, ಮಲ್ಲಿಗೆ ದಂಡೆಯ ಹಾಗೆ ಸಾಲಾಗಿ ಕಟ್ಟಿದ್ದರಂತೆ. ಎಷ್ಟು ಮೊಳ ಬಂತೋ!

ಅಷ್ಟೆಲ್ಲ ಬೇಡ ಅಂದರು ರೈಡ್. ಸೇಫ್ಟಿಗೆ ಇರಲಿ ಅಂತ ಅಂದರು ಇವರು. ಅರ್ಧ ತೆಗೆದರೂ ಏನೂ ಆಗಲ್ಲ ಅಂತ ಆಕೆಯೇ ಸಮಾಧಾನ ಹೇಳಬೇಕಾಯಿತು. ಮನೆಗೆ ಹೋಗಿ ಹೆಂಡತಿಯನ್ನು ಒಂದು ಮಾತು ಕೇಳಿದ್ದರೆ ಮುಗಿದಿತ್ತು, ಅಲ್ವಾ? ಆದರೆ ನಗುವ ಹಕ್ಕು ನಮಗೂ ಜಾಸ್ತಿ ಇಲ್ಲ. ನಮ್ಮ ಬೀದಿಯ ಮೆಡಿಕಲ್ ಶಾಪಿನವನು ಇವತ್ತಿಗೂ ಪ್ಯಾಡನ್ನು ಪೇಪರಿನಲ್ಲಿ ಸುತ್ತಿ, ಕಪ್ಪು ಕವರಿಗೆ ಹಾಕಿ, ಗೋಡೆ ನೋಡುತ್ತಾ ಕೊಡುತ್ತಾನೆ.

ನಾಸಾದವರು ಮೇಕಪ್ ಕಿಟ್ ಕೂಡ ಮಾಡಿದ್ದರು. ಲಿಪ್‌ಸ್ಟಿಕ್, ಮಸ್ಕರಾ, ಅಳಿಸಿಕೊಳ್ಳಲು ರಿಮೂವರ್. ಟೈ ಕಟ್ಟಿದ ಗಂಡಸರು ಮೇಜಿನ ಸುತ್ತ ಕೂತು ಮಸ್ಕರಾ ಬಗ್ಗೆ ಮೀಟಿಂಗ್ ಮಾಡಿದ್ದನ್ನು ನೆನೆಸಿಕೊಳ್ಳಿ. ಪತ್ರಕರ್ತರಂತೂ ಇನ್ನೊಂದು ಕೈ ಮೇಲು. ಕೆಲಸದಲ್ಲಿ ಎಡವಟ್ಟಾದರೆ ಅಳ್ತೀರಾ ಅಂತ ಕೇಳಿದರು. ಫಿಸಿಕ್ಸ್‌ನಲ್ಲಿ ಡಾಕ್ಟರೇಟ್ ಮಾಡಿದವರನ್ನು! ಈ ಪ್ರಶ್ನೆ ರಿಕ್‌ಗೆ ಯಾಕೆ ಕೇಳಲ್ಲ ಅಂದರು ರೈಡ್. ಪಕ್ಕದಲ್ಲಿ ಕೂತಿದ್ದ ಪೈಲಟ್ ರಿಕ್ ಹಾಕ್ ಅಳುತ್ತಿದ್ದರೋ ಇಲ್ಲವೋ, ಪಾಪ, ಯಾರೂ ಕೇಳಲೇ ಇಲ್ಲ.

ರಷ್ಯಾದವರದು ಉಲ್ಟಾ ಲೆಕ್ಕ. 1963ರಲ್ಲಿ ವ್ಯಾಲೆಂಟಿನಾ ತೆರೆಷ್ಕೋವಾ ಒಬ್ಬರನ್ನೇ ಸುಮಾರು ಮೂರು ದಿನಕ್ಕೆ ಮೇಲೆ ಕಳಿಸಿದರು. ಟೂತ್‌ಪೇಸ್ಟ್ ಇಟ್ಟಿದ್ದರು, ಬ್ರಷ್ ಮರೆತಿದ್ದರು. ಎರಡನೇ ಹೆಂಗಸು ಹೋಗುವುದಕ್ಕೆ ಹತ್ತೊಂಬತ್ತು ವರ್ಷ ಬೇಕಾಯಿತು. ಜೆಟ್ ವಿಮಾನಗಳಲ್ಲಿ ವಿಶ್ವದಾಖಲೆ ಮಾಡಿದ್ದ ಸ್ವೆತ್ಲಾನಾ ಸವಿತ್ಸ್ಕಾಯಾ 1982ರಲ್ಲಿ ಸಾಲ್ಯೂತ್ ನಿಲ್ದಾಣದ ಬಾಗಿಲು ದಾಟಿದರೆ, ಒಳಗಿದ್ದವರು ಏಪ್ರನ್ ಕೊಟ್ಟು ಅಡುಗೆಮನೆಯ ಕಡೆ ಕೈ ತೋರಿಸಿದರು. ಆಕೆ 1984ರಲ್ಲಿ ಮತ್ತೆ ಹೋದರು. ಈ ಸಲ ನಿಲ್ದಾಣದ ಹೊರಗೆ ಮೂರೂವರೆ ಗಂಟೆ ಇದ್ದು ವೆಲ್ಡಿಂಗ್ ಮಾಡಿದರು. ಒಗ್ಗರಣೆ ಯಾರು ಹಾಕಿದರೋ!

ಇದೆಲ್ಲ ಹಳೇ ಕಾಲದ್ದು ಅಂತೀರಾ? 2019ರ ಮಾರ್ಚ್‌ನಲ್ಲಿ ಇಬ್ಬರೂ ಹೆಂಗಸರೇ ಇರುವ ಮೊದಲ ಬಾಹ್ಯಾಕಾಶ ನಡಿಗೆಗೆ ದಿನ ಗೊತ್ತಾಗಿತ್ತು. ಇಬ್ಬರಿಗೂ ಮೀಡಿಯಂ ಸೈಜ್ ಸೂಟ್ ಬೇಕು. ರೆಡಿ ಇದ್ದದ್ದು ಒಂದೇ. ನಡಿಗೆ ಅಕ್ಟೋಬರ್‌ಗೆ ಹೋಯಿತು. ಟ್ಯಾಂಪಾನ್ ನೂರು, ಸೂಟ್ ಒಂದು.

ಇಸ್ರೋ ಮಾತ್ರ ಜಾಣ. ಗಗನಯಾನಕ್ಕೆ ಆರಿಸಿದ ನಾಲ್ವರೂ ಗಂಡಸರು. ಅವರಿಗಿಂತ ಮೊದಲು ಹೋಗಬೇಕಾದವಳು ಮಾತ್ರ ಹೆಣ್ಣು, ವ್ಯೋಮಮಿತ್ರ ಎಂಬ ರೋಬಾಟ್. 2020ರಲ್ಲಿ ನಮ್ಮ ಬೆಂಗಳೂರಲ್ಲೇ ಜನರ ಮುಂದೆ ಬಂದು ಇಂಗ್ಲಿಷಿನಲ್ಲಿ ನಮಸ್ಕಾರ ಹೇಳಿದಳು. ಇರಲಿ, ಆ ಜಗಳ ಇನ್ನೊಂದು ದಿನಕ್ಕೆ. ಅವಳಿಗೆ ಕಾಲಿಲ್ಲ, ಸೊಂಟದ ಕೆಳಗೆ ಏನೂ ಇಲ್ಲ. ನೂರು ಸಾಕಾ ಅಂತ ಕೇಳುವ ಪ್ರಮೇಯವೇ ಬರಲಿಲ್ಲ.